ಅಟ್ಟದ ಕಾಯಿ, ಅವ್ವನ ಕಿವಿ

ನನಗೊಂದು ಕೆಟ್ಟ ಅಭ್ಯಾಸವಿದೆ. ಮುಚ್ಚಿದ ವಸ್ತು ಯಾವುದು ಕೈಗೆ ಬಂದರೂ ಅದನ್ನು ಬಲಗಿವಿಯ ಹತ್ತಿರ ಹಿಡಿದು ಮೂರು ಸಲ ಅಲ್ಲಾಡಿಸುತ್ತೇನೆ. ಎರಡು ಸಲ ನಿಧಾನವಾಗಿ, ಒಂದು ಸಲ ಜೋರಾಗಿ. ಬೆಂಕಿಪೊಟ್ಟಣ, ಮಾತ್ರೆಯ ಡಬ್ಬಿ, ಕೊರಿಯರ್‌ನಲ್ಲಿ ಬಂದ ಪೊಟ್ಟಣ, ಯಾವುದಕ್ಕೂ ವಿನಾಯಿತಿ ಇಲ್ಲ. ಕಲ್ಲಂಗಡಿ ಹಣ್ಣನ್ನು ಬೆರಳಿನಿಂದ ತಟ್ಟಿ ನೋಡುವವರನ್ನು ನೀವು ಕಂಡಿರುತ್ತೀರಿ. ಎರಡೂ ಕೈಯಲ್ಲಿ ಎತ್ತಿ ಕಿವಿಗೆ ಹಿಡಿದು ಅಲ್ಲಾಡಿಸುವವಳನ್ನು ಕಂಡಿರಲಾರಿರಿ. ಎಂ.ಎ. ಕೊನೆಯ ಸೆಮಿಸ್ಟರಿನ ಅಂಕಪಟ್ಟಿ ಲಕೋಟೆಯಲ್ಲಿ ಬಂದಾಗ ಅದನ್ನೂ ಅಲ್ಲಾಡಿಸಿದ್ದೆ. ಏನೂ ತಿಳಿಯಲಿಲ್ಲ.

ಹೋದ ತಿಂಗಳು ನಾನು ಪಾಠ ಮಾಡುವ ಕಾಲೇಜಿನಲ್ಲಿ ಹಿರಿಯ ಮೇಡಂ ಒಬ್ಬರು ನಿವೃತ್ತರಾದರು. ಅವರಿಗೆಂದು ತಂದಿದ್ದ ಗೋಡೆ ಗಡಿಯಾರವನ್ನು ಬಣ್ಣದ ಕಾಗದದಲ್ಲಿ ಸುತ್ತಿ, ವೇದಿಕೆಗೆ ತಲುಪಿಸಲು ಕೈಯಿಂದ ಕೈಗೆ ದಾಟಿಸುತ್ತಿದ್ದರು. ನನ್ನ ಕೈಗೆ ಬಂತು. ಪ್ರಾಂಶುಪಾಲರು ಭಾವುಕರಾಗಿ ಮಾತಾಡುತ್ತಿದ್ದರು, ಸಭೆ ನಿಶ್ಶಬ್ದವಾಗಿತ್ತು. ನಾನು ಡಬ್ಬವನ್ನು ಕಿವಿಗೆ ಹಿಡಿದು ಎರಡು ನಿಧಾನ, ಒಂದು ಜೋರು ಅಲ್ಲಾಡಿಸಿದೆ. ಪಕ್ಕದಲ್ಲಿದ್ದ ಕನ್ನಡದ ಮೇಷ್ಟ್ರು ಬಗ್ಗಿ, "ಏನ್ ಮೇಡಂ, ಗಡಿಯಾರ ಬಲ್ತೈತಾ? ಒಡೀಬೋದಾ?" ಎಂದರು. ಹಿಂದಿನ ಎರಡು ಸಾಲು ನಕ್ಕಿತು. ಬೇರೆ ಊರಿನ ಕಾಲೇಜಾಗಿದ್ದರೆ ಆ ಮಾತು ಯಾರಿಗೂ ಅರ್ಥವಾಗುತ್ತಿರಲಿಲ್ಲ. ತಿಪಟೂರಿನಲ್ಲಿ ಎಲ್ಲರಿಗೂ ಅರ್ಥವಾಯಿತು. ನಾನೂ ನಕ್ಕೆ. ಸಂಜೆ ಬಸ್ಸಿನಲ್ಲಿ ಮನೆಗೆ ಬರುವಾಗ ನಗು ಇರಲಿಲ್ಲ.

ಈ ಕಡೆಯವರಲ್ಲದ ಓದುಗರಿಗೆ ಸ್ವಲ್ಪ ಹೇಳಬೇಕು. ನಮ್ಮಲ್ಲಿ ಮರದಿಂದ ಇಳಿದ ತೆಂಗಿನಕಾಯಿ ನೇರ ಪೇಟೆಗೆ ಹೋಗುವುದಿಲ್ಲ, ಮನೆಯ ಅಟ್ಟ ಏರುತ್ತದೆ. ಸಿಪ್ಪೆಯ ಸಮೇತ ಹತ್ತು ಹನ್ನೊಂದು ತಿಂಗಳು ಅಲ್ಲಿ ಕತ್ತಲಲ್ಲಿ ಕೂರುತ್ತದೆ. ಒಳಗಿನ ನೀರು ಇಂಗಿ, ತಿರುಳು ಒಣಗಿ, ಒಂದು ದಿನ ತಾನಾಗಿಯೇ ಚಿಪ್ಪಿನಿಂದ ಬಿಡಿಸಿಕೊಂಡು ಉಂಡೆಯಾಗುತ್ತದೆ. ಆ ಉಂಡೆ ಕೊಬ್ಬರಿಯ ಮೇಲೆಯೇ ತಿಪಟೂರು ನಿಂತಿರುವುದು. ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಹುಳಿಯಾರು ಕಡೆಯ ಅಟ್ಟಗಳಲ್ಲಿ ಒಣಗಿದ್ದೆಲ್ಲ ಕೊನೆಗೆ ಇಲ್ಲಿಗೇ ಬಂದು, ಚೀಲ ಸೇರಿ, ಲಾರಿ ಹತ್ತಿ, ಉತ್ತರದ ಊರುಗಳಿಗೆ ಹೋಗುತ್ತದೆ.

ಕಷ್ಟವೇನೆಂದರೆ ಒಳಗೆ ಏನಾಗಿದೆ ಎನ್ನುವುದು ಹೊರಗಿನಿಂದ ಕಾಣದು. ಬೇಗ ಒಡೆದರೆ ತಿರುಳು ಚಿಪ್ಪಿಗೆ ಅಂಟಿಕೊಂಡು ಹೋಳು ಹೋಳಾಗಿ ಬರುತ್ತದೆ. ಒಡೆದ ಕಾಯನ್ನು ಮತ್ತೆ ಮುಚ್ಚಲು ಬರುವುದಿಲ್ಲ. ಬಹಳ ತಡವಾದರೆ ಕೊಬ್ಬರಿ ಕಮಟುತ್ತದೆ. ಹಾಗಾಗಿ ಒಡೆಯುವ ಮುಂಚೆ ಯಾರಾದರೂ ಅಟ್ಟ ಹತ್ತಿ ಕಾಯಿ ಅಲ್ಲಾಡಿಸಿ ಕೇಳಬೇಕು. ಎಲ್ಲ ಮನೆಯವರಿಗೂ ಕಿವಿ ಇದೆ, ಎಲ್ಲರೂ ಕೇಳುತ್ತಾರೆ. ಆದರೆ ವರ್ಷದ ಬೆಳೆ ಕೈಯಲ್ಲಿರುವಾಗ ಸ್ವಂತ ಕಿವಿಯ ಮೇಲೆ ಯಾರಿಗೂ ಭರವಸೆ ಸಾಲದು. ಅಂಥವರು ನಮ್ಮವ್ವನನ್ನು ಕರೆಯುತ್ತಿದ್ದರು.

ಅವ್ವನ ಹೆಸರು ರಂಗಮ್ಮ. ಅವಳ ತವರು ಕೆಂಕೆರೆ ಹತ್ತಿರದ ಒಂದು ಹಟ್ಟಿ. ತಾತ ಕುರಿ ಮೇಯಿಸುತ್ತಿದ್ದವರು. ಮಂದೆಯಲ್ಲಿ ಯಾವ ಮರಿ ಕೂಗಿದರೂ ಅದು ಯಾವ ಕುರಿಯ ಮರಿ ಎಂದು ಬೆನ್ನು ತಿರುಗಿಸಿಯೇ ಹೇಳುತ್ತಿದ್ದರಂತೆ. ಮದುವೆಯಾಗಿ ಬರುವಾಗ ಅವ್ವ ಆ ಕಿವಿಯೊಂದನ್ನೇ ತಂದಳು. ಬೇರೇನೂ ತರಲಿಲ್ಲ ಎನ್ನುವುದನ್ನು ಅಪ್ಪನ ಕಡೆಯವರು ಬಹಳ ವರ್ಷ ಮರೆಯಲಿಲ್ಲ.

ನಾನು ಸಣ್ಣವಳಿದ್ದಾಗ ಶಾಲೆಗೆ ರಜೆಯಿದ್ದರೆ ಅವ್ವನ ಜೊತೆ ಅಟ್ಟಗಳಿಗೆ ಹೋಗುತ್ತಿದ್ದೆ. ಅಟ್ಟದ ಕತ್ತಲಿಗೆ ಒಂದು ವಾಸನೆ ಇದೆ. ಒಣಸಿಪ್ಪೆ, ಹಳೆಯ ಹೊಗೆ, ಇಲಿ, ಸ್ವಲ್ಪ ಸಿಹಿ. ಅವ್ವ ನಾಲ್ಕು ಮೂಲೆಯಿಂದ ಒಂದೊಂದು ಹಿಡಿಯಷ್ಟು ಜಾಗ ಬಗೆದು, ಅಡಿಯಿಂದ ಕಾಯಿ ತೆಗೆಯುತ್ತಿದ್ದಳು. ಆಮೇಲೆ ಎಡಗೈ ಎತ್ತುತ್ತಿದ್ದಳು. ಎತ್ತಿದರೆ ಯಾರೂ ಮಾತಾಡುವಂತಿಲ್ಲ. ಮನೆಯ ಯಜಮಾನರೂ ಉಸಿರು ಬಿಗಿ ಹಿಡಿಯಬೇಕು. ಒಮ್ಮೆ ಒಂದು ಮನೆಯ ಅಜ್ಜಿ ಕೆಳಗೆ ಕೆಮ್ಮಿದ್ದಕ್ಕೆ ಅವ್ವ ಮೇಲಿನಿಂದಲೇ, "ಅಜ್ಜೀ, ನಿನ್ ಕೆಮ್ಮು ಬಲ್ತೈತೆ, ನಿನ್ನೇ ಮೊದ್ಲು ಒಡೀಬೇಕು ಕಣವ್ವ" ಎಂದಿದ್ದಳು. ಅಜ್ಜಿ ಬೈಯಲಿಲ್ಲ, ಸೆರಗು ಬಾಯಿಗೆ ಒತ್ತಿಕೊಂಡು ಹಿತ್ತಿಲಿಗೆ ಹೋದಳು. ನಾವು ಊರಿನಲ್ಲಿ ಯಾರಿಗೂ ದೊಡ್ಡವರಲ್ಲ, ಆದರೆ ಅಟ್ಟದ ಮೇಲೆ ಅವ್ವ ದೊಡ್ಡವಳು.

ನನಗೂ ಕಲಿಸಿದಳು. "ಗುಳುಗುಳು ಅಂದ್ರೆ ನೀರು. ಲೊಟಲೊಟ ಅಂದ್ರೆ ಕೊಬ್ರಿ. ಎರಡೂ ಅನ್ದೆ ಸುಮ್ಕಿದ್ರೆ ಅದುನ್ನ ನಂಬ್ಬ್ಯಾಡ, ಮಡಗು ಅತ್ಲಾಗೆ." ಕೈ ನಂಬಬೇಡ ಎಂದೂ ಹೇಳಿದಳು. ಒಳಗೆ ಏನೋ ಅಲ್ಲಾಡುತ್ತಿದೆ ಎನ್ನುವುದನ್ನು ಕೈ ಹೇಳುತ್ತದೆ. ಅಲ್ಲಾಡುತ್ತಿರುವುದು ನೀರೋ ಕೊಬ್ಬರಿಯೋ ಎನ್ನುವುದನ್ನು ಕಿವಿ ಮಾತ್ರ ಹೇಳುತ್ತದೆ. ನಾನು ಬೇಗ ಕಲಿತೆ. "ನಂಗಿಂತ ನನ್ ಮಗ್ಳು ಕಿವಿ ಚುರುಕು" ಎಂದು ಅವ್ವ ಅಲ್ಲಲ್ಲಿ ಹೇಳಿಕೊಂಡಳು. ನನ್ನ ಬಗ್ಗೆ ಅವಳು ಹೊರಗೆ ಹೇಳಿಕೊಂಡ ಹೆಮ್ಮೆಯ ಮಾತು ಅದೊಂದೇ. ರ‍್ಯಾಂಕು ಬಂದಾಗಲೂ ಬೇರೆ ಹೇಳಲಿಲ್ಲ.

ಪ್ರತಿ ಅಟ್ಟದಿಂದ ಇಳಿಯುವಾಗ ಅವಳು ಒಂದು ಕಾಯನ್ನು ಮಡಿಲಿಗೆ ಹಾಕಿಕೊಂಡು ಬರುತ್ತಿದ್ದಳು. ಆ ಮನೆಯ ಕಾಯಿ ಒಡೆಯುವವರೆಗೆ ಅದು ನಮ್ಮ ಮನೆಯಲ್ಲಿ, ಪಾತ್ರೆಗಳ ಮೇಲಿನ ಹಲಗೆಯ ಮೇಲೆ ಕೂರುತ್ತಿತ್ತು. ಅವಳು ಹೇಳಿದ್ದು ನಿಜವಾಯಿತು ಎಂದು ಸುದ್ದಿ ಬಂದ ದಿನ ಅದನ್ನೂ ಒಡೆಯುತ್ತಿದ್ದಳು. ಆ ಕೊಬ್ಬರಿಗೆ ಬೆಲ್ಲ ಸೇರಿಸಿ ನಾವು ತಿನ್ನುತ್ತಿದ್ದೆವು.

ಇನ್ನು ಊರಿನ ಮಾತು. ಎಂ.ಎ. ಇತಿಹಾಸದ ಕೊನೆಯ ವರ್ಷ ನಾನು ಒಂದು ಕಿರುಪ್ರಬಂಧ ಬರೆಯಬೇಕಿತ್ತು. ತಿಪಟೂರು ಪಟ್ಟಣದ ವಾಣಿಜ್ಯ ಬೆಳವಣಿಗೆ ಎಂದು ವಿಷಯ ಕೊಟ್ಟೆ. ಮಾರ್ಗದರ್ಶಕರು, "ರೈಲು, ಮಾರುಕಟ್ಟೆ, ಹೆದ್ದಾರಿ. ಮೂರು ಅಧ್ಯಾಯ ಮಾಡಿಬಿಡಮ್ಮ, ಸಾಕು" ಎಂದರು. ಮಾಡಿದೆ. ಒಳ್ಳೆಯ ಅಂಕ ಬಂತು. ಈಗ ತೆಗೆದು ಓದಿದರೆ ಅದರಲ್ಲಿ ಒಬ್ಬ ಮನುಷ್ಯನೂ ಕೆಮ್ಮುವುದಿಲ್ಲ.

ಇಂದು ಬರೆಯುವುದಾದರೆ ನಾನು ಊರನ್ನು ಸದ್ದಿನಿಂದ ಬರೆಯುತ್ತೇನೆ. ಅವ್ವ ಮದುವೆಯಾಗಿ ಬಂದದ್ದು ಕೊಬ್ಬರಿ ಮಂಡಿಗಳ ಬೀದಿಯ ಹಿಂದಿನ ಓಣಿಗೆ. ಅಪ್ಪ ಮಂಡಿಯಲ್ಲಿ ಹಮಾಲಿ. ಮೊದಲ ರಾತ್ರಿಗಳಲ್ಲಿ ರೈಲಿನ ಕೂಗಿಗೆ ಅವಳು ಎದ್ದು ಕೂತು, ಯಾವುದೋ ದೊಡ್ಡ ಪ್ರಾಣಿಗೆ ಹೆರಿಗೆ ಆಗುತ್ತಿದೆ ಎಂದುಕೊಂಡಳಂತೆ. ಒಂದು ತಿಂಗಳಲ್ಲಿ ಗೂಡ್ಸು ಯಾವುದು, ಪ್ಯಾಸೆಂಜರ್ ಯಾವುದು ಎಂದು ಹಾಸಿಗೆಯಲ್ಲೇ ಹೇಳತೊಡಗಿದಳು. ಊರು ದೊಡ್ಡದಾದದ್ದೇ ಆ ನಿಲ್ದಾಣದ ಸುತ್ತ. ಅಂದು ಮಾಯಸಂದ್ರದ ಕಡೆಯಿಂದ ಇನ್ನೂ ಕೆಲವು ಎತ್ತಿನ ಗಾಡಿಗಳು ಬರುತ್ತಿದ್ದವು. ಅಚ್ಚಿಗೆ ಎಣ್ಣೆ ಹಾಕಿದ್ದಾರೋ ಇಲ್ಲವೋ ಎನ್ನುವುದರಿಂದಲೇ ಅವ್ವ ಆ ರೈತನ ಸ್ವಭಾವ ಹೇಳುತ್ತಿದ್ದಳು. ಸಂತೆಯ ದಿನ ಇಡೀ ಊರು ಗಿಜಿಗುಡುತ್ತಿತ್ತು. ಆದರೆ ದೊಡ್ಡ ವ್ಯಾಪಾರ ನಡೆಯುತ್ತಿದ್ದುದು ಸದ್ದಿಲ್ಲದೆ, ಟವೆಲಿನ ಅಡಿಯಲ್ಲಿ, ಕೊಳ್ಳುವವನ ಬೆರಳು ಮಂಡಿಯವನ ಬೆರಳನ್ನು ಹಿಡಿದು ದರ ತಿಳಿಸುತ್ತ. ಕಾಯಿ ಬೆಳೆದ ರೈತ ಪಕ್ಕದಲ್ಲಿ ನಿಂತು ಆ ಇಬ್ಬರ ಮುಖ ನೋಡುತ್ತಿದ್ದ. ಮುಖದಿಂದ ಏನೂ ತಿಳಿಯುತ್ತಿರಲಿಲ್ಲ ಎಂದು ಅಪ್ಪ ಹೇಳುತ್ತಿದ್ದ.

ಆಮೇಲೆ ಟ್ರ್ಯಾಕ್ಟರು, ಲಾರಿ. ಹಿಂದಿ ಮಾತಾಡುವ ಚಾಲಕರು, ಅವರಿಗಾಗಿ ರೊಟ್ಟಿ ತಟ್ಟುವ ಢಾಬಾ. ಪ್ರತಿ ಅಂಗಳದಲ್ಲೂ ಚಿಪ್ಪು ಒಡೆಯುವ ಹೆಂಗಸರ ಟಕ್ ಟಕ್. ಆ ಚಿಪ್ಪು ಸುಟ್ಟು ಇದ್ದಿಲು ಮಾಡುವ ಗುಂಡಿಗಳು, ಊರಿನ ಅಂಚಿನಲ್ಲಿ ದಿನವಿಡೀ ಹೊಗೆ. ವ್ಯಾಪಾರ ಯಾರ್ಡಿಗೆ ಹೋಯಿತು, ಟೆಂಡರಿಗೆ ಹೋಯಿತು, ಕಂಪ್ಯೂಟರಿಗೆ ಹೋಯಿತು. ಮಂಡಿಗಳ ಬೀದಿಯಲ್ಲಿ ಈಗ ಬಾಗಿಲ ಮೇಲೆ ಹಳೆಯ ಮಂಡಿಯ ಹೆಸರು, ಕೆಳಗೆ ಮೊಬೈಲ್ ಅಂಗಡಿ. ಅಂಗಡಿಯ ಮುಂದೆ ಆಳೆತ್ತರದ ಸ್ಪೀಕರು ಬೆಳಗಿನಿಂದ ಸಂಜೆಯವರೆಗೆ ಯಾರಿಗೋ ರಿಯಾಯಿತಿ ಘೋಷಿಸುತ್ತಿರುತ್ತದೆ.

ಈ ನಡುವೆ ಎಲ್ಲೋ ತೆಂಗಿನಪುಡಿಯ ಫ್ಯಾಕ್ಟರಿಗಳು ಬಂದವು. ನಾನು ಏಳನೇ ತರಗತಿಯಲ್ಲಿದ್ದಾಗ ಅಪ್ಪ ಎದೆನೋವಿನಿಂದ ಹೋದ. ಮುಂದಿನ ತಿಂಗಳೇ ಅವ್ವ ಅಂಥದೊಂದು ಫ್ಯಾಕ್ಟರಿಗೆ ಸೇರಿದಳು. ಅಟ್ಟ ನೋಡುವುದು ವರ್ಷಕ್ಕೆ ಕೆಲವು ದಿನದ ಕೆಲಸ, ಅದಕ್ಕೆ ಸಿಗುತ್ತಿದ್ದುದು ಒಂದು ಮಡಿಲು ಕೊಬ್ಬರಿ, ನಾಲ್ಕು ಸೇರು ರಾಗಿ. ನನ್ನ ಓದು ಅದರಲ್ಲಿ ಸಾಗುವುದಿಲ್ಲ. ಫ್ಯಾಕ್ಟರಿಯಲ್ಲಿ ಅವಳ ಜಾಗ ತಿರುಳು ಅರೆಯುವ ಯಂತ್ರದ ಪಕ್ಕ. ಒಮ್ಮೆ ಊಟದ ಡಬ್ಬಿ ಕೊಡಲು ಹೋಗಿ ಬಾಗಿಲಲ್ಲಿ ನಿಂತಿದ್ದೆ. ಒಳಗಿನ ಆರ್ಭಟ ಎದೆಯ ಮೂಳೆಗೆ ತಾಗುತ್ತಿತ್ತು. ಹೆಂಗಸರು ಪರಸ್ಪರ ಕೈಸನ್ನೆಯಲ್ಲಿ ಮಾತಾಡುತ್ತಿದ್ದರು, ಕಣ್ಣಲ್ಲಿ ನಗುತ್ತಿದ್ದರು. ಎಷ್ಟು ಚೆನ್ನಾಗಿ ಸನ್ನೆ ಮಾಡುತ್ತಾರೆ ಎಂದು ನನಗೆ ಆಶ್ಚರ್ಯವಾಗಿತ್ತು. ಅಷ್ಟೇ ಆಗಿತ್ತು. ಅವ್ವ ಅಲ್ಲಿ ಹನ್ನೊಂದು ವರ್ಷ ನಿಂತಳು.

ಕಿರುಪ್ರಬಂಧಕ್ಕೆಂದು ನಾನು ಹಳಬರನ್ನು ಮಾತಾಡಿಸುತ್ತಿದ್ದೆ. ಒಂದು ಭಾನುವಾರ ಅವ್ವನನ್ನೂ ಎದುರಿಗೆ ಕೂರಿಸಿಕೊಂಡು, ನೋಟ್ ಪುಸ್ತಕ ತೆರೆದೆ.

"ನೀನು ಮದ್ವೆಯಾಗಿ ಬಂದಾಗ ಊರು ಹೆಂಗಿತ್ತವ್ವ?"

"ಯಪ್ಪಾ, ಗಲಾಟೆ ಕಣೇ. ನಿದ್ದೇನೇ ಬತ್ತಿರ್ನಿಲ್ಲ."

"ಈಗ?"

ಅವ್ವ ಬಾಗಿಲಾಚೆ ನೋಡಿದಳು. ಓಣಿಯ ತುದಿಯಲ್ಲಿ ಲಾರಿಯೊಂದು ಸಿಕ್ಕಿಕೊಂಡು, ಅದರ ಹಿಂದೆ ನಾಲ್ಕಾರು ವಾಹನಗಳು ಹಾರ್ನ್ ಬಾರಿಸುತ್ತಿದ್ದವು. ಪಕ್ಕದ ಕಟ್ಟಡದಲ್ಲಿ ಕಲ್ಲು ಕೊರೆಯುತ್ತಿದ್ದರು.

"ಈಗೇನಿಲ್ಲ ಬುಡು. ಈಗ ಊರು ತಣ್ಣಗೈತೆ," ಎಂದಳು.

ನಾನು ಅದನ್ನು ಬರೆದುಕೊಂಡೆ. ಪಕ್ಕದ ಅಂಚಿನಲ್ಲಿ ಪೆನ್ಸಿಲಿನಿಂದ, 'ನೆನಪಿನ ದೋಷ. ಈ ಹೇಳಿಕೆಯನ್ನು ಆಧಾರವಾಗಿ ಬಳಸುವಂತಿಲ್ಲ' ಎಂದೂ ಬರೆದೆ. ಆ ಪುಸ್ತಕ ಈಗಲೂ ನನ್ನ ಬಳಿ ಇದೆ. ನನ್ನ ಅಕ್ಷರ ಬಹಳ ಅಚ್ಚುಕಟ್ಟಾಗಿದೆ.

ಸಂಜೆಯ ಹೊತ್ತಿಗೆ ಆ ವಾಕ್ಯ ನನ್ನನ್ನು ಕಾಡತೊಡಗಿತು. ಅವ್ವ ಒಲೆಯ ಮುಂದೆ ಬೆನ್ನು ಮಾಡಿ ಮುದ್ದೆ ತಿರುವುತ್ತಿದ್ದಳು. ನಾನು ಒಂದು ಸ್ಟೀಲ್ ತಟ್ಟೆಯನ್ನು ಎದೆಯೆತ್ತರದಿಂದ ನೆಲಕ್ಕೆ ಬಿಟ್ಟೆ. ಅದು ಸುತ್ತಿ ಸುತ್ತಿ ಸದ್ದು ಮಾಡಿ ನಿಂತಿತು. ಪಕ್ಕದ ಮನೆಯವರು "ಏನ್ ಬಿತ್ತೇ?" ಎಂದು ಕೂಗಿ ಕೇಳಿದರು. ಅವ್ವ ತಿರುಗಲಿಲ್ಲ.

ನಾನು ತಟ್ಟೆ ಎತ್ತಿ ತೊಳೆದು ಒರಸಿ ಸ್ವಸ್ಥಾನದಲ್ಲಿಟ್ಟೆ. ಅವ್ವನಿಗೆ ಏನೂ ಹೇಳಲಿಲ್ಲ. ನಮ್ಮ ಮನೆಯಲ್ಲಿ ಕೇಳುವುದು, ಹೇಳುವುದು ಮೊದಲಿನಿಂದಲೂ ಕಡಿಮೆ. ಅಪ್ಪನ ಎದೆನೋವು ಕೂಡ ಅವನು ಬೀಳುವವರೆಗೆ ನಮಗೆ ಗೊತ್ತಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಹೆತ್ತವಳನ್ನು ಹಿಂದಿನಿಂದ ಪರೀಕ್ಷಿಸಿದೆ ಎಂಬ ನಾಚಿಕೆ. ಅವಳಿಗೆ ಗೊತ್ತಿರಲೇಬೇಕು, ಗೊತ್ತಿದ್ದೂ ಮುಚ್ಚಿಟ್ಟಿದ್ದಾಳೆ ಎಂದರೆ ಅದು ಅವಳ ಸ್ವಂತ ವಿಷಯ ಎಂದುಕೊಂಡೆ. ನನ್ನ ಎಂ.ಎ. ಪರೀಕ್ಷೆ ಮುಗಿಯಲಿ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗೋಣ ಎಂದೂ ಅಂದುಕೊಂಡೆ.

ಅದಾದ ತಿಂಗಳಿಗೆ ಪುಟ್ಟಸ್ವಾಮಣ್ಣ ಬಂದರು. ಅರಳಗುಪ್ಪೆಗೆ ಹೋಗುವ ದಾರಿಯಲ್ಲಿ, ರಸ್ತೆಗೆ ಅಂಟಿಕೊಂಡೇ ಅವರ ತೋಟ, ತೋಟದಲ್ಲಿ ಮನೆ. ನಾನು ಹುಟ್ಟುವ ಮುಂಚಿನಿಂದ ಅವರ ಅಟ್ಟಕ್ಕೆ ಅವ್ವನೇ ಕಿವಿ. ಕೂರದೆ ಬಾಗಿಲಲ್ಲೇ ನಿಂತು, "ರಂಗಕ್ಕ, ನಮ್ ಗ್ವಾಡೆಗೂ ಕೆಂಪು ಗೀಟು ಎಳ್ದು ಹೋದ್ರು ಕಣಕ್ಕ" ಎಂದರು.

ರಸ್ತೆ ಅಗಲ ಮಾಡುತ್ತಿದ್ದರು. ಅಟ್ಟವಿರುವ ಅಂಕಣ, ಅಂದರೆ ಮನೆಯ ಮುಂದಿನ ಅರ್ಧ, ಪೂರ್ತಿ ರಸ್ತೆಗೆ ಹೋಗುತ್ತದೆ, ತಿಂಗಳೊಳಗೆ ಖಾಲಿ ಮಾಡಬೇಕು ಎಂದು ಹೇಳಿದ್ದರಂತೆ. ಅಟ್ಟದ ಮೇಲೆ ಒಂಬತ್ತು ತಿಂಗಳ ಕಾಯಿ. ಆಗಿಯೂ ಇರಬಹುದು, ಆಗದೆಯೂ ಇರಬಹುದು ಎನ್ನುವ ಹೊತ್ತು.

"ಆಗಿದ್ರೆ ಒಡ್ಸಿಬುಡ್ತೀನಿ. ಆಗಿಲ್ಲ ಅಂದ್ರೆ ನಮ್ಮಣ್ಣನ ಅಟ್ಟ ಖಾಲಿ ಐತೆ, ಅಲ್ಲಿಗೆ ಸಾಗಿಸ್ತೀನಿ. ನೀನ್ ಹೆಂಗ್ ಹೇಳಿದ್ರೆ ಹಂಗೆ."

ಅವ್ವ ಅವರ ಬಾಯನ್ನೇ ನೋಡುತ್ತಿದ್ದಳು. "ನಾಳೀಕ್ ಬತ್ತೀನಿ ಬುಡಪ್ಪ" ಎಂದಳು.

ಹೋಗುವಾಗ ಪುಟ್ಟಸ್ವಾಮಣ್ಣ ನನ್ನ ಪುಸ್ತಕಗಳ ಕಡೆ ನೋಡಿ, "ಏನವ್ವ, ಊರಿನ್ ಕತೆ ಬರೀತಿದ್ದೀಯಂತೆ? ನಮ್ ಮನೆ ಹೆಸ್ರೂ ಸೇರ್ಸು. ಬರೋ ವರ್ಷುಕ್ ಅಲ್ಲಿ ಬರೀ ಬಸ್ಸು ಓಡಾಡ್ತವೆ" ಎಂದು ನಕ್ಕರು.

ಮಾರನೆಯ ದಿನ ಅವ್ವ ಸೀರೆ ಬದಲಿಸಿ, ಬಾಗಿಲ ಬಳಿ ನಿಂತು, "ಬಾ ನೀನೂ" ಎಂದಳು. ಕಾಲೇಜು ಸೇರಿದ ಮೇಲೆ ಅವಳು ಒಮ್ಮೆಯೂ ನನ್ನನ್ನು ಅಟ್ಟಕ್ಕೆ ಕರೆದಿರಲಿಲ್ಲ. ಓದುವುದಿದೆ ಎಂದೆ. ಅವಳು ಹೋಗಲಿಲ್ಲ, ಅಲ್ಲೇ ನಿಂತಳು. ಎದ್ದು ಹೊರಟೆ. ಯಾಕೆ ಕರೆದಳು ಎಂದು ದಾರಿಯುದ್ದಕ್ಕೂ ಯೋಚಿಸಲಿಲ್ಲ. ಎಂ.ಎ. ಓದುತ್ತಿದ್ದ ಹುಡುಗಿ ನಾನು. ದಾಖಲೆಗಳ ಸಾಲುಗಳ ನಡುವೆ ಇರುವುದನ್ನು ಓದಿ ಅರ್ಥಮಾಡಿಕೊಳ್ಳಬೇಕು ಎಂದು ನಮಗೆ ತರಗತಿಯಲ್ಲಿ ಹೇಳಿಕೊಡುತ್ತಿದ್ದರು.

ಅಟ್ಟದ ಮೇಲೆ ನಾವು ಮೂವರು. ಹೊರಗೆ ರಸ್ತೆಯ ಕೆಲಸದ ಯಂತ್ರಗಳು ಆಗಷ್ಟೇ ಮಧ್ಯಾಹ್ನದ ಊಟಕ್ಕೆ ನಿಂತಿದ್ದವು. ಆ ವರ್ಷ ತೋಟಕ್ಕೆ ನುಸಿ ಬಿದ್ದು ಕಾಯಿಗಳೆಲ್ಲ ಸಣ್ಣಗಾಗಿದ್ದವು. ಹಸಿಯಿದ್ದರೂ ಕೈಗೆ ಹಗುರ. ತೂಕದಿಂದ ಏನೂ ತಿಳಿಯುವಂತಿರಲಿಲ್ಲ. ಅವ್ವ ಎಂದಿನಂತೆ ಮೂಲೆ ಬಗೆದು ಕಾಯಿ ತೆಗೆದಳು. ಎಂದಿನಂತೆ ಎಡಗೈ ಎತ್ತಿದಳು. ಪುಟ್ಟಸ್ವಾಮಣ್ಣ ಉಸಿರು ಹಿಡಿದರು. ಎರಡು ನಿಧಾನ, ಒಂದು ಜೋರು.

ನನಗೆ ಕೇಳಿಸಿತು. ಗುಳು ಎಂದಿತು. ಬಹಳ ಸಣ್ಣಗೆ, ಬಾಟಲಿಯ ತಳದಲ್ಲಿ ಉಳಿದ ಔಷಧಿಯಷ್ಟು.

ಇನ್ನೊಂದು ಕಾಯಿ. ಅದು ಲೊಟ ಎಂದಿತು. ಮೂರನೆಯದು ಮತ್ತೆ ಗುಳು. ನಾಲ್ಕನೆಯದು ಏನೂ ಅನ್ನಲಿಲ್ಲ. ಹಸಿ, ಒಣ ಎರಡೂ ಬೆರೆತಿದ್ದವು, ಇನ್ನೂ ಒಂದೂವರೆ ಎರಡು ತಿಂಗಳು ಬೇಕಿತ್ತು. ಅವ್ವನ ಬೆರಳುಗಳು ಕಾಯಿಯನ್ನು ಬಿಗಿಯಾಗಿ ಹಿಡಿದು, ಬಿಟ್ಟು, ಮತ್ತೆ ಹಿಡಿಯುತ್ತಿದ್ದವು. ಆಮೇಲೆ ಅವಳು ಕಾಯಿಯ ಮೇಲಿಂದ ಕಣ್ಣೆತ್ತಿ ನನ್ನನ್ನು ನೋಡಿದಳು. ಹೆಂಚಿನ ಸಂದಿಯಿಂದ ಬಿದ್ದ ಬೆಳಕು ಅವಳ ಒಂದು ಕೆನ್ನೆಯ ಮೇಲಿತ್ತು. ಆ ನೋಟ ನನಗೆ ಅರ್ಥವಾಯಿತು. ಅವಳಿಗೆ ಏನೂ ಕೇಳಿಸುತ್ತಿಲ್ಲ ಎನ್ನುವುದು, ನನಗೆ ಕೇಳಿಸುತ್ತಿದೆ ಎಂದು ಅವಳಿಗೆ ಗೊತ್ತಿದೆ ಎನ್ನುವುದು, ಎರಡೂ. ಅವಳ ಎಡಗೈ ಇನ್ನೂ ಮೇಲೆಯೇ ಇತ್ತು. ಆ ಕೈ ಮೇಲಿರುವಾಗ ಯಾರೂ ಮಾತಾಡುವಂತಿಲ್ಲ ಎಂದು ನಾನು ಐದು ವರ್ಷದವಳಿದ್ದಾಗಿನಿಂದ ಕಲಿತಿದ್ದೆ. ಪಕ್ಕದಲ್ಲಿ ಪುಟ್ಟಸ್ವಾಮಣ್ಣ ಇದ್ದರು. ಅವರ ಮುಂದೆ ಬಾಯಿ ತೆರೆದರೆ ಅವ್ವನ ಇಷ್ಟು ವರ್ಷದ ಹೆಸರು ಆ ಕ್ಷಣಕ್ಕೆ ಮುಗಿಯುತ್ತದೆ ಎನಿಸಿತು.

ನಾನು ತಲೆ ತಗ್ಗಿಸಿದೆ.

ಅವ್ವ ಕೈ ಇಳಿಸಿದಳು. "ಆಗೈತೆ. ಒಡ್ಸಪ್ಪ," ಎಂದಳು. ವಾಡಿಕೆಯಂತೆ ಒಂದು ಕಾಯನ್ನು ಮಡಿಲಿಗೆ ಹಾಕಿಕೊಂಡು ಇಳಿದಳು.

ಮೂರು ದಿನದ ನಂತರ ಗಂಗಣ್ಣ ಎನ್ನುವ ಮೇಸ್ತ್ರಿಯ ಗುಂಪು ಬಂದು ಪುಟ್ಟಸ್ವಾಮಣ್ಣನ ಅಟ್ಟ ಇಳಿಸಿತು. ಮೊದಲ ದಿನ ಪೂರ್ತಿ ಸಿಪ್ಪೆ ಸುಲಿದರು. ಎರಡನೆಯ ದಿನ ಚಿಪ್ಪು ಒಡೆಯಲು ಕೂತರು. ಇದೆಲ್ಲ ನನಗೆ ಆಮೇಲೆ ಆ ಗುಂಪಿನವರೇ ಹೇಳಿದ್ದು. ಮೊದಲ ಹತ್ತಿಪ್ಪತ್ತು ಕಾಯಿ ಉಂಡೆಯಾಗಿಯೇ ಬಂದವು. ಆಮೇಲೆ ಒಂದರಿಂದ ಹುಳಿ ನೀರು ಗಂಗಣ್ಣನ ಮುಖಕ್ಕೆ ಚಿಮ್ಮಿತು. "ಯಾರ್ಲಾ ಇದುನ್ನ ಆಗೈತೆ ಅಂದೋನು? ಎಳೆಕೂಸಿನ್ ಕತ್ತು ಕುಯ್ದಂಗಾಯ್ತಲ್ಲಲಾ!" ಎಂದು ಅವನು ಕೂಗಿದನಂತೆ. ನಿಲ್ಲಿಸಿದರು. ಆದರೆ ಅಷ್ಟರಲ್ಲಿ ಅಂಗಳದ ತುಂಬ ಎಲ್ಲ ಕಾಯಿ ಸಿಪ್ಪೆಯಿಲ್ಲದೆ ಬತ್ತಲೆ ಬಿದ್ದಿದ್ದವು. ಸಿಪ್ಪೆ ಹೋದ ಕಾಯಿ ಬಿಸಿಲಿಗೆ ಬಿರಿಯುತ್ತದೆ, ನೆರಳಲ್ಲಿ ಕೊಳೆಯುತ್ತದೆ. ಅದನ್ನು ಯಾವ ಅಣ್ಣನ ಅಟ್ಟಕ್ಕೂ ಸಾಗಿಸುವಂತಿಲ್ಲ. ಅರ್ಧಕ್ಕಿಂತ ಹೆಚ್ಚು ಹೋಳಾಗಿ ಎಣ್ಣೆಯ ಗಿರಣಿಗೆ ಹೋಯಿತು.

ಪುಟ್ಟಸ್ವಾಮಣ್ಣ ಮತ್ತೆ ಬಂದಾಗ ಬೈಯುತ್ತಾರೆಂದು ನಾನು ಕಾದಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ಅವರು ಈ ಸಲ ಒಳಗೆ ಬಂದು ಚಾಪೆಯ ಮೇಲೆ ಕೂತರು. ನೆಲ ನೋಡುತ್ತ, "ರಂಗಕ್ಕ, ಗೊತ್ತಾಗ್ನಿಲ್ಲ ಕಣಪ್ಪ ಅಂದಿದ್ರೆ ಸಾಕಾಗಿತ್ತು. ಅಷ್ಟು ಹೇಳಿದ್ರೆ ಅಣ್ಣನ ಅಟ್ಟುಕ್ ಸಾಗಿಸ್ತಿದ್ದೆ. ನಿನ್ ಮಾತು ಅಂತ ಒಡ್ಸಿದ್ದು ನಾನು" ಎಂದರು. ತಲೆ ಬಗ್ಗಿಸಿ ಹೇಳಿದ್ದರಿಂದ ಅವ್ವನಿಗೆ ಅವರ ಬಾಯಿ ಕಾಣಲಿಲ್ಲ. ಅವಳು ಗಾಬರಿಯಿಂದ ಅವರನ್ನೂ ನನ್ನನ್ನೂ ನೋಡಿದಳು.

"ಅವ್ವಂಗೆ ಕಿವಿ ಕೇಳ್ಸಲ್ಲ," ಎಂದೆ ನಾನು.

ಪುಟ್ಟಸ್ವಾಮಣ್ಣ ತಲೆ ಎತ್ತಿದರು. ಅವ್ವನ ಮುಖವನ್ನು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು: "ನಿಂಗ್ಯಾವಾಗಿಂದ ಗೊತ್ತು ಮಗಾ?"

"ಒಂದ್ ತಿಂಗ್ಳಿಂದ."

ಅವರು ಎದ್ದು, ಚಪ್ಪಲಿ ಮೆಟ್ಟಿಕೊಂಡು, ಓಣಿಗೆ ಇಳಿದರು. "ಏನಂದ ಅವ್ನು?" ಎಂದಳು ಅವ್ವ. "ಏನಿಲ್ಲ" ಎಂದು ನಾನು ಬಾಯಿ ಅಗಲಿಸಿ ಹೇಳಿದೆ. ಅವಳು ನಂಬಿದವಳಂತೆ ಒಳಗೆ ಹೋದಳು.

ವ್ಯಾಪಾರದ ಊರಿನಲ್ಲಿ ಸುದ್ದಿಗೆ ಲಾರಿ ಬೇಕಿಲ್ಲ. ಆಮೇಲೆ ಯಾರೂ ಅವ್ವನನ್ನು ಅಟ್ಟಕ್ಕೆ ಕರೆಯಲಿಲ್ಲ. ಎದುರು ಸಿಕ್ಕವರು ಮೊದಲಿಗಿಂತ ಹೆಚ್ಚು ಪ್ರೀತಿಯಿಂದ, ಜೋರಾಗಿ ಮಾತಾಡಿಸಿದರು. ಪರೀಕ್ಷೆ ಮುಗಿದ ಮೇಲೆ ಡಾಕ್ಟರ ಹತ್ತಿರ ಹೋದೆವು. ಬಹಳ ವರ್ಷದ ಯಂತ್ರದ ಸದ್ದಿನಿಂದ ಆದದ್ದು, ಹೋದದ್ದು ಬರುವುದಿಲ್ಲ ಎಂದರು. ಕಿವಿಗೆ ಯಂತ್ರ ಹಾಕಿಸಿದೆವು. ಅವ್ವ ಒಂದು ವಾರ ಹಾಕಿಕೊಂಡು, ತೆಗೆದು ಅದರ ಡಬ್ಬಿಯಲ್ಲಿಟ್ಟಳು. "ಇದ್ರಲ್ಲಿ ಬರೀ ಊರು ಕೇಳಿಸ್ತದೆ ಕಣೇ" ಎಂದಳು. ನಾನು ಆ ಡಬ್ಬಿಯನ್ನು ಆಗಾಗ ಅಲ್ಲಾಡಿಸುತ್ತೇನೆ. ಒಳಗೆ ಅದು ಇದೆ.

ಪುಟ್ಟಸ್ವಾಮಣ್ಣನ ಅಂಕಣ ರಸ್ತೆಗೆ ಹೋಯಿತು. ಉಳಿದರ್ಧ ಮನೆಗೆ ಹೊಸ ಗೋಡೆ ಕಟ್ಟಿ ಅವರು ಅಲ್ಲೇ ಇದ್ದಾರೆ. ಅಟ್ಟ ಮಾತ್ರ ಮತ್ತೆ ಕಟ್ಟಲಿಲ್ಲ. ಈಗ ಮರದಿಂದ ಇಳಿದ ಕಾಯನ್ನು ಹಸಿಯಾಗಿಯೇ ಫ್ಯಾಕ್ಟರಿಗೆ ಹಾಕುತ್ತಾರೆ. ಸುತ್ತ ಬಹಳ ಜನ ಹಾಗೇ ಮಾಡುತ್ತಿದ್ದಾರೆ. ಹಸಿ ಕಾಯಿಯನ್ನು ಯಾರೂ ಅಲ್ಲಾಡಿಸಿ ಕೇಳಬೇಕಾಗಿಲ್ಲ. ದಿನಾ ಬಸ್ಸಿನಲ್ಲಿ ಅದೇ ರಸ್ತೆಯಲ್ಲಿರುವ ಕಾಲೇಜಿಗೆ ಹೋಗುವಾಗ ನಾನು ಆ ಮನೆಯ ಮುಂದೆ ಹಾದು ಹೋಗುತ್ತೇನೆ. ಲೆಕ್ಕ ಹಾಕಿದರೆ, ನಾವು ಮೂವರು ನಿಂತಿದ್ದ ಅಟ್ಟದ ಕೆಳಗಿನ ಜಾಗದ ಮೇಲೆಯೇ ಬಸ್ಸು ಓಡುತ್ತದೆ. ಆ ಒಂದು ಕ್ಷಣ ನಾನು ಪುಸ್ತಕದಿಂದ ಕಣ್ಣೆತ್ತುವುದಿಲ್ಲ.

ಆ ದಿನ ಅವ್ವ ಮಡಿಲಿಗೆ ಹಾಕಿಕೊಂಡು ಬಂದ ಕಾಯಿ ಇನ್ನೂ ಹಲಗೆಯ ಮೇಲಿದೆ. ಮೂರು ವರ್ಷವಾಯಿತು. ಅವಳು ಅದನ್ನು ಒಡೆಯಲಿಲ್ಲ, ಒಡೆಯಲು ನನಗೂ ಬಿಡಲಿಲ್ಲ. ಕೆಲವು ಸಲ ಕೆಲಸವಿಲ್ಲದಾಗ ಕೆಳಗಿಳಿಸಿ, ಧೂಳು ಒರಸಿ, ಕಿವಿಗೆ ಹಿಡಿದು ಅಲ್ಲಾಡಿಸುತ್ತಾಳೆ. ಎರಡು ನಿಧಾನ, ಒಂದು ಜೋರು. ಪಕ್ಕದ ಕೋಣೆಯಲ್ಲಿ ಕೂತ ನನಗೂ ಕೇಳುವಷ್ಟು ಅದು ಲೊಟಲೊಟ ಎನ್ನುತ್ತದೆ. ಒಳಗೆ ಕೊಬ್ಬರಿ ಕಮಟಿ ಎಷ್ಟೋ ಕಾಲವಾಗಿರಬೇಕು. ಅವ್ವ ಪ್ರತಿ ಸಲವೂ, "ಇನ್ನೂ ಆಗಿಲ್ಲ. ಇರ್ಲಿ" ಎಂದು ಮತ್ತೆ ಮೇಲಿಡುತ್ತಾಳೆ. ನಾನು ಪುಸ್ತಕದ ಹಾಳೆ ತಿರುವುತ್ತೇನೆ.

ಗಡಿಯಾರದ ಪ್ರಸಂಗವಾದ ವಾರ, ಭಾನುವಾರ, ಅವಳು ಮತ್ತೆ ಅದನ್ನು ಇಳಿಸಿದಳು. ಈ ಸಲ ನಾನು ಎದ್ದು ಹೋಗಿ ಅವಳ ಎದುರಿಗೆ ನಿಂತೆ. ಅಲ್ಲಾಡಿಸಿ ಮುಗಿಯುವವರೆಗೆ ಕಾದು, ಅವಳಿಗೆ ಕಾಣುವಂತೆ ಬಾಯಿ ಅಗಲಿಸಿ ಹೇಳಿದೆ: "ಆಗೈತೆ ಕಣವ್ವ. ಯಾವತ್ತೋ ಆಗೈತೆ."

ಅವ್ವ ನನ್ನ ಬಾಯನ್ನು ನೋಡಿದಳು. ಕೋಪವೇನೂ ಇರಲಿಲ್ಲ. ಕಾಯಿಯನ್ನು ಸೆರಗಿನಿಂದ ಇನ್ನೊಮ್ಮೆ ಒರಸುತ್ತ, ತನಗೆ ತಾನೇ ಹೇಳಿಕೊಳ್ಳುವವಳಂತೆ ಹೇಳಿದಳು.

"ಅವತ್ತೂ ನಿನ್ನೇ ನೋಡ್ದೆ ಕಣೇ. ನೀನು ಹೂಂ ಅಂತ ತಲೆ ಆಡಿಸ್ದೆ. ಅದುಕ್ಕೇ ಒಡ್ಸಪ್ಪ ಅಂದೆ."

ಅವಳು ಹಾಗೆ ತಿಳಿದಿದ್ದಳು. ಮೂರು ವರ್ಷ ಅದನ್ನು ಯಾರಿಗೂ ಹೇಳಿರಲಿಲ್ಲ. ಪುಟ್ಟಸ್ವಾಮಣ್ಣ ಚಾಪೆಯ ಮೇಲೆ ಕೂತಿದ್ದಾಗಲೂ ಹೇಳಲಿಲ್ಲ.

"ಅಲ್ಲವ್ವ," ಎಂದೆ. "ನಾನು ತಲೆ ಆಡಿಸ್ಲಿಲ್ಲ. ತಗ್ಗಿಸ್ದೆ ಅಷ್ಟೆ."

ಆದರೆ ಅಷ್ಟರಲ್ಲಿ ಅವಳು ನನ್ನ ಕಡೆ ಬೆನ್ನು ಮಾಡಿ, ತುದಿಗಾಲಲ್ಲಿ ನಿಂತು, ಎರಡೂ ಕೈಯಲ್ಲಿ ಕಾಯಿಯನ್ನು ಹಲಗೆಯ ಮೇಲೆ ಇಡುತ್ತಿದ್ದಳು.